ದಿವಾಳಿ ಅರ್ಜಿಯಲ್ಲಿ ವಕೀಲರ ಎಡವಟ್ಟು: ಅಮೆರಿಕದಲ್ಲಿ ಕ್ರೆಡಿಟ್ ಸರಿಪಡಿಸಿಕೊಳ್ಳುವುದು ಹೇಗೆ?

ಚಾಪ್ಟರ್ 7 (ಸಾಲ ಮನ್ನಾ ಮಾಡಿಸಿಕೊಳ್ಳುವ ದಿವಾಳಿ ಪ್ರಕ್ರಿಯೆ) ಮುಗಿದು ತಿಂಗಳುಗಳಾದರೂ ಹಳೆಯ ಸಾಲಗಳು ಕ್ರೆಡಿಟ್ ರಿಪೋರ್ಟಿನಲ್ಲಿ ಬಾಕಿ ಎಂದೇ ಕಾಣುತ್ತಿವೆಯೇ? ರಿಪೋರ್ಟ್ ತಯಾರಿಸುವ ಕ್ರೆಡಿಟ್ ಬ್ಯೂರೋಗಳಿಗೆ ಪತ್ರ ಬರೆಯುವ ಮೊದಲು ಕೋರ್ಟಿನ ಕಡತ ನೋಡಿ. ತಪ್ಪು ಅಲ್ಲಿದ್ದರೆ ಬ್ಯೂರೋ ಜೊತೆ ಗುದ್ದಾಡಿ ಫಲವಿಲ್ಲ.

ಫೆಡರಲ್ ಕೋರ್ಟುಗಳ ‘ಪೇಸರ್’ ತಾಣದಲ್ಲಿ ಪುಟಕ್ಕೆ 10 ಸೆಂಟ್. ಮೂರು ತಿಂಗಳ ಲೆಕ್ಕ 30 ಡಾಲರ್ ದಾಟದಿದ್ದರೆ ಅದೂ ಮಾಫಿ. ಡಿಸ್ಚಾರ್ಜ್ ಆದೇಶ (ಸಾಲ ಮನ್ನಾ ಆಯಿತೆಂಬ ಕೋರ್ಟಿನ ಆದೇಶ), ಅರ್ಜಿಯೊಂದಿಗೆ ಕೊಟ್ಟ ಸಾಲಗಳ ಪಟ್ಟಿಗಳಾದ ಶೆಡ್ಯೂಲ್ ಡಿ ಮತ್ತು ಇ/ಎಫ್ ಇಳಿಸಿಕೊಳ್ಳಿ.

ಡಿಸ್ಚಾರ್ಜ್ ಆದೇಶವೇ ಇಲ್ಲವೇ? ಸಾಮಾನ್ಯ ಕಾರಣ, ಅರ್ಜಿ ಹಾಕಿದ ಮೇಲೆ ಮಾಡಬೇಕಾದ ಹಣಕಾಸು ಕೋರ್ಸಿನ ಪ್ರಮಾಣಪತ್ರ ಕೋರ್ಟಿಗೆ ಸೇರದಿರುವುದು. ನೀವು ಕೋರ್ಸ್ ಮುಗಿಸಿದ್ದರೂ ಕಾಗದ ವಕೀಲರ ಮೇಜಿನಲ್ಲೇ ಉಳಿದಿದ್ದರೆ ಕೇಸು ಡಿಸ್ಚಾರ್ಜ್ ಇಲ್ಲದೆ ಮುಚ್ಚಿಹೋಗುತ್ತದೆ; ಸಾಲವೆಲ್ಲ ಹಾಗೇ ಜೀವಂತ. ಕೇಸು ಮತ್ತೆ ತೆರೆಯಲು ಮೋಷನ್ (ಕೋರ್ಟಿಗೆ ಕೋರಿಕೆ) ಹಾಕಿ ಪ್ರಮಾಣಪತ್ರ ಸಲ್ಲಿಸಬೇಕು. ಶುಲ್ಕ 260 ಡಾಲರ್. ಅದನ್ನು ವಕೀಲರೇ ಭರಿಸಲಿ ಎಂದು ಲಿಖಿತವಾಗಿ ಕೇಳಿ. ಕೆಲಸಕ್ಕೆ ತಕ್ಕದ್ದಲ್ಲದ ಫೀಸನ್ನು ವಾಪಸ್ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ (ಬ್ಯಾಂಕ್ರಪ್ಸಿ ಕೋಡ್ ಸೆಕ್ಷನ್ 329).

ಶೆಡ್ಯೂಲಿನಲ್ಲಿ ಒಂದು ಬ್ಯಾಂಕಿನ ಹೆಸರು ಬಿಟ್ಟುಹೋಗಿದ್ದರೆ ತಕ್ಷಣ ಗಾಬರಿ ಬೇಡ. ಹಂಚಲು ಆಸ್ತಿಯೇ ಇಲ್ಲದ, ಸಾಲ ಕೊಟ್ಟವರು ಕ್ಲೇಮ್ ಸಲ್ಲಿಸಲು ಕೊನೆಯ ದಿನವನ್ನೂ ನಿಗದಿಪಡಿಸದ ಕೇಸಿನಲ್ಲಿ, ವಂಚನೆಯ ಸಾಲವಲ್ಲದಿದ್ದರೆ, ಬಿಟ್ಟುಹೋದ ಸಾಲವೂ ಮನ್ನಾ ಆದಂತೆ ಎಂದು ಹಲವು ಕೋರ್ಟುಗಳು ಹೇಳಿವೆ. ಎಲ್ಲ ಸರ್ಕಿಟ್‌ಗಳೂ (ಫೆಡರಲ್ ಮೇಲ್ಮನವಿ ಕೋರ್ಟುಗಳ ವಲಯಗಳು) ಇದನ್ನು ಒಪ್ಪುವುದಿಲ್ಲ. ನಿಮ್ಮ ಸರ್ಕಿಟ್ ಯಾವುದೆಂದು ಹೇಳಿ ಬೇರೊಬ್ಬ ವಕೀಲರನ್ನು ಕೇಳುವುದು ಒಳ್ಳೆಯದು.

ನಮ್ಮವರಿಗೆ ಇನ್ನೊಂದು ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿ, ಕಾರ್ಡಿನಲ್ಲಿ ಬರೀ ಇನಿಷಿಯಲ್ ಇದ್ದರೆ ಅರ್ಜಿಯ ಹೆಸರಿಗೂ ಬ್ಯೂರೋ ಕಡತಕ್ಕೂ ತಾಳೆಯಾಗದೆ ಹೋಗಬಹುದು. ಬಳಸಿದ ಎಲ್ಲ ಹೆಸರುಗಳೂ ಅರ್ಜಿಯಲ್ಲಿವೆಯೇ ಎಂದು ನೋಡಿ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದ್ದರೂ ತಿದ್ದುಪಡಿ ಹೇಳಿಕೆ ಸಲ್ಲಿಸಿ.

ಕಡತ ಸರಿಯಾದ ಮೇಲೆ ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಿಂದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರ ರಿಪೋರ್ಟನ್ನೂ ಉಚಿತವಾಗಿ ತೆಗೆಯಿರಿ. ಮನ್ನಾ ಆದ ಪ್ರತಿ ಖಾತೆಯಲ್ಲೂ ಬಾಕಿ ಸೊನ್ನೆ ಇರಬೇಕು, ದಿವಾಳಿಯಲ್ಲಿ ಮನ್ನಾ ಎಂಬ ನಮೂದು ಇರಬೇಕು. ಇಲ್ಲದಿದ್ದರೆ ತಕರಾರು ಪತ್ರ ಬರೆಯಿರಿ: ಖಾತೆವಾರು ತಪ್ಪು, ಡಿಸ್ಚಾರ್ಜ್ ಆದೇಶ, ಆ ಸಾಲವಿರುವ ಶೆಡ್ಯೂಲ್ ಪುಟ, ಗುರುತಿನ ಚೀಟಿ, ವಿಳಾಸದ ಪುರಾವೆ. ಸರ್ಟಿಫೈಡ್ ಅಂಚೆಯಲ್ಲೇ ಕಳಿಸಿ. ಸಾಲ ಕೊಟ್ಟ ಸಂಸ್ಥೆಗೂ ಒಂದು ಪ್ರತಿ ಹೋಗಲಿ. ಸಾಮಾನ್ಯವಾಗಿ 30 ದಿನದೊಳಗೆ ಬ್ಯೂರೋ ತನಿಖೆ ಮುಗಿಸಬೇಕು. ಡಿಸ್ಚಾರ್ಜ್ ಆದ ಸಾಲಕ್ಕೆ ವಸೂಲಿಯವರು ಕರೆ ಮಾಡುತ್ತಿದ್ದರೆ ಅದು ಕೋರ್ಟಿನ ಆದೇಶದ ಉಲ್ಲಂಘನೆ. ಅದಕ್ಕಾಗಿ ಕೇಸು ತೆರೆಸಲು ಆ 260 ಡಾಲರ್ ಕಟ್ಟಬೇಕಿಲ್ಲ.

ಚಾಪ್ಟರ್ 7ರ ನಮೂದು ಮಾತ್ರ ಅರ್ಜಿ ಹಾಕಿದ ದಿನದಿಂದ 10 ವರ್ಷ ಇರುತ್ತದೆ. ಅದನ್ನು ಅಳಿಸಿಕೊಡುತ್ತೇವೆಂದು ಮುಂಗಡ ಕೇಳುವ ‘ಕ್ರೆಡಿಟ್ ರಿಪೇರಿ’ ಕಂಪನಿಗಳಿಂದ ದೂರವಿರಿ. ಕೆಲಸ ಮುಗಿಸದೆ ಹಣ ಪಡೆಯುವುದೇ ಕಾನೂನುಬಾಹಿರ. ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ಒಂದು ಸಾಕು. 200 ಡಾಲರ್ ಮಿತಿಯಿದ್ದರೆ ಸ್ಟೇಟ್‌ಮೆಂಟ್ ಬರುವ ದಿನ 20 ಡಾಲರ್ ಒಳಗೆ ಬಾಕಿ ಇರಲಿ, ಬಿಲ್ಲನ್ನು ಪೂರ್ತಿ ತೀರಿಸಿ.

ಮನೆ ಸಾಲದ ಯೋಚನೆಯಿದ್ದರೆ ಎಫ್‌ಎಚ್‌ಎ ಎಂಬ ಸರ್ಕಾರಿ ವಿಮೆಯುಳ್ಳ ಸಾಲಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಆ ಲೆಕ್ಕ ಶುರುವಾಗುವುದು ಅರ್ಜಿಯ ದಿನದಿಂದಲ್ಲ, ಡಿಸ್ಚಾರ್ಜ್ ದಿನದಿಂದ. ಪ್ರಮಾಣಪತ್ರ ಸಲ್ಲಿಸಲು ವರ್ಷ ತಡವಾದರೆ ಮನೆಯೂ ವರ್ಷ ದೂರ.