60 ಕಿಲೋಮೀಟರ್, 13 ಹಾಡು

ದಿನಾ ಬೆಳಿಗ್ಗೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಸಂಜೆ ವಾಪಸ್ ಬರುವುದು ನನ್ನ ಕೆಲಸದ ಪಾಡು. ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್, ಒಂದು ಗಂಟೆ ದಾರಿ. ಕಾರು ನನ್ನದು, ಜೊತೆಗೆ ಇನ್ನೂ ಮೂವರು ಬರುತ್ತಾರೆ, ಪೆಟ್ರೋಲ್ ಖರ್ಚು ಹಂಚಿಕೊಳ್ಳುತ್ತೇವೆ. ಜಯದೇವ ವೃತ್ತದ ಹತ್ತಿರ ಹೈಸ್ಕೂಲಿನ ಕನ್ನಡ ಮೇಷ್ಟ್ರು ಹತ್ತುತ್ತಾರೆ. ವಿದ್ಯಾನಗರದಲ್ಲಿ ಬ್ಯಾಂಕಿನ ಮೇಡಂ. ಅಲ್ಲೇ ಸ್ವಲ್ಪ ಮುಂದೆ, ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರ್ ಹುಡುಗ.

ನಾಲ್ಕು ಜನರ ಕಿವಿಯೂ ನಾಲ್ಕು ಥರ. ಮೇಷ್ಟ್ರಿಗೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಆಮೇಲೆ ಅಶ್ವತ್ಥ್ ಅವರ ಭಾವಗೀತೆ. ಮೇಡಂ 90ರ ದಶಕದವರು, ಹಂಸಲೇಖ ಸಂಗೀತ, ಎಸ್‌ಪಿಬಿ ದನಿ ಇದ್ದರೆ ಮುಗೀತು. ಹುಡುಗನಿಗೆ ಹೊಸದು ಬೇಕು, ಸಂಜಿತ್ ಹೆಗ್ಡೆ, ವಿಜಯ್ ಪ್ರಕಾಶ್. ನನಗೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ ಕೇಳದಿದ್ದರೆ ಬೆಳಗಾದ ಹಾಗೇ ಅನಿಸುವುದಿಲ್ಲ.

ಮೊದಲು ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಎಲ್ಲರಿಗೂ ಸೇರಿ ಒಂದು ಪ್ಲೇಲಿಸ್ಟ್ ಮಾಡಿದೆ. ಮೂವರಿಗೂ ಲಿಂಕ್ ಕಳಿಸಿದೆ, ಯಾರು ಬೇಕಾದರೂ ಹಾಡು ಸೇರಿಸಬಹುದು. ಎರಡು ತಿಂಗಳಲ್ಲಿ 180 ಹಾಡು ಆಯಿತು. ಖುಷಿಯಾಗಿತ್ತು, ಆದರೆ ಕೇಳುವುದಕ್ಕೆ ಮಾತ್ರ ಆಗುತ್ತಿರಲಿಲ್ಲ. ಯಾಕೆಂದರೆ ಹೊಸದಾಗಿ ಸೇರಿಸಿದ ಹಾಡು ಪಟ್ಟಿಯ ತುದಿಗೆ ಹೋಗಿ ಕೂರುತ್ತದೆ. ಮೇಡಂ ಒಂದು ರಾತ್ರಿ ನಿದ್ದೆ ಬಾರದೆ 22 ಹಾಡು ಸೇರಿಸಿದ್ದರು. ನಮ್ಮ ಸರದಿ ಅಲ್ಲಿಗೆ ಬಂದ ದಿನ ಬೆಳಿಗ್ಗೆ ಹೋಗುವಾಗಲೂ ಅವರದ್ದೇ, ಸಂಜೆ ಬರುವಾಗ ಮುಕ್ಕಾಲು ದಾರಿಯೂ ಅವರದ್ದೇ. ಮೇಷ್ಟ್ರು ಏನೂ ಅನ್ನಲಿಲ್ಲ. ಸುಮ್ನೆ ಕಿಟಕಿ ಆಚೆ ನೋಡುತ್ತಾ ಕೂತರು. ಅವರು ಹಾಡಿಗೆ ತಲೆದೂಗದೆ ಕೂತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಅವತ್ತೇ ಇದನ್ನು ಸರಿಮಾಡಬೇಕು ಅಂದುಕೊಂಡೆ.

ಶಫಲ್ ಹಾಕಿ ನೋಡಿ, ಹಾಡುಗಳನ್ನು ಅದೇ ಕಲೆಸಿ ಹಾಕುತ್ತದೆ ಅಂದ ಹುಡುಗ. ಹಾಕಿದೆವು. ಶಫಲ್ ಬಗ್ಗೆ ಒಂದು ಸಂಗತಿ ನನಗೆ ಆಗ ಗೊತ್ತಾಯಿತು. ಪೂರ್ತಿ ಲಾಟರಿ ಎತ್ತಿದ ಹಾಗೆ ಹಾಡು ಎತ್ತಿದರೆ ಒಬ್ಬನೇ ಗಾಯಕನ ಹಾಡು ಎರಡು ಮೂರು ಸಲ ಒಟ್ಟಿಗೇ ಬರುವುದು ಸಹಜ. ಲಾಟರಿ ಅಂದರೆ ಹಾಗೇ ತಾನೆ. ಆದರೆ ಕೇಳುವವರಿಗೆ ಅದು ಸರಿಯಾಗಿ ಕಲೆಸಿಲ್ಲ ಅನಿಸುತ್ತದೆ. ಜನ ಹಾಗೆ ದೂರಿದ್ದಕ್ಕೆ, ಒಬ್ಬ ಗಾಯಕನ ಹಾಡುಗಳನ್ನು ಪಟ್ಟಿಯ ಉದ್ದಕ್ಕೂ ಬೇಕಂತಲೇ ದೂರ ದೂರ ಹಾಕುವ ವಿಧಾನ ತಂದೆವು ಅಂತ ಸ್ಪಾಟಿಫೈನ ಇಂಜಿನಿಯರುಗಳೇ 2014ರಲ್ಲಿ ಬರೆದಿದ್ದಾರೆ. ಅಂದರೆ ಕೇಳುವ ಮನುಷ್ಯನಿಗೆ ಬೇಕಾಗಿರುವುದು ಲಾಟರಿ ಅಲ್ಲ, ಹಂಚಿಕೆ. ಇದನ್ನು ಓದಿದ ಮೇಲೆ ನನಗೆ ದಾರಿ ಕಂಡಿತು. ಗಾಯಕರನ್ನು ಹಂಚುವ ಕೆಲಸ ಯಂತ್ರ ಮಾಡಬಹುದು, ನನ್ನ ಕಾರಿನಲ್ಲಿ ಕೂತ ನಾಲ್ಕು ಜನರನ್ನು ಹಂಚುವ ಕೆಲಸ ನಾನೇ ಮಾಡಬೇಕು.

ಎರಡನೇ ದಾರಿ ತೋರಿಸಿದವರು ಮೇಷ್ಟ್ರು. ಒಂದು ಸಂಜೆ ಭರಮಸಾಗರ ದಾಟುವಾಗ ಅವರ ಕಾಲದ ಕ್ಯಾಸೆಟ್ ಮಾತು ಬಂತು. ಆಗ ಖಾಲಿ ಕ್ಯಾಸೆಟ್ ತಗೊಂಡು, ಬೇಕಾದ ಹಾಡುಗಳ ಪಟ್ಟಿ ಕಾಗದದಲ್ಲಿ ಬರೆದು ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಬರುತ್ತಿದ್ದರಂತೆ. ನಾಲ್ಕು ದಿನ ಬಿಟ್ಟು ಹೋದರೆ ಆ ಕ್ರಮದಲ್ಲೇ ತುಂಬಿಸಿ ಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್, ಒಂದು ಬದಿಗೆ 30 ನಿಮಿಷ. ಹಾಡಿನ ಕ್ರಮ ಬರೆಯುವುದಕ್ಕೇ ಒಂದು ವಾರ ಯೋಚನೆ ಮಾಡುತ್ತಿದ್ದೆ ಅಂದರು, ತಪ್ಪಿದರೆ ಮತ್ತೆ ದುಡ್ಡು ಕೊಟ್ಟು ಮಾಡಿಸಬೇಕಲ್ವಾ. ಭದ್ರಾವತಿ ಆಕಾಶವಾಣಿಯಲ್ಲಿ ಒಂದು ಹಾಡು ಕೇಳಿ ಇಷ್ಟವಾದರೆ ಅದು ಪಟ್ಟಿಯಲ್ಲಿ ಎಷ್ಟನೆಯದಾಗಬೇಕು ಅಂತ ಆಗಲೇ ತಲೆಯಲ್ಲಿ ಓಡುತ್ತಿತ್ತಂತೆ.

ನನಗೆ ಥಟ್ಟನೆ ಹೊಳೆಯಿತು. ನಮ್ಮ ದಾರಿಯೂ ಒಂದು ಗಂಟೆ. ಭರಮಸಾಗರ ಅರ್ಧ ದಾರಿಗಿಂತ ಸ್ವಲ್ಪ ಆಚೆ. ಹಾಗಾದರೆ ಇದು ಎರಡು ಬದಿಯ ಕ್ಯಾಸೆಟ್ಟೇ!

ಆ ಭಾನುವಾರ ಕಂಪ್ಯೂಟರ್ ಮುಂದೆ ಕೂತೆ. 180 ಹಾಡಿನ ಪಟ್ಟಿಯನ್ನು ಹಾಗೇ ಬಿಟ್ಟೆ, ಅದು ನಮ್ಮ ಕಣಜ. ಬೇರೆಯದಾಗಿ ವಾರಕ್ಕೊಂದು ಚಿಕ್ಕ ಪ್ಲೇಲಿಸ್ಟ್ ಮಾಡಿದೆ. ಲೆಕ್ಕ ಸುಲಭ. ಸಿನಿಮಾ ಹಾಡು ಸರಾಸರಿ ನಾಲ್ಕೂವರೆ ನಿಮಿಷ ಹಿಡಿದರೆ ಗಂಟೆಗೆ 13 ಹಾಡು. ಒಬ್ಬೊಬ್ಬರಿಗೆ 3ರಂತೆ 12, ಮೊದಲನೆಯದು ಎಲ್ಲರಿಗೂ ಸೇರಿದ ಒಂದು ವಚನ. ಮಳೆ ಬಂದೋ ಲಾರಿ ಸಾಲು ಸಿಕ್ಕೋ ತಡವಾದರೆ ಇರಲಿ ಅಂತ ಕೊನೆಗೆ ಎರಡು ಹೆಚ್ಚಿನ ಹಾಡು.

ಜೋಡಿಸುವ ಕೆಲಸ ಫೋನಿನಲ್ಲೂ ಆಗುತ್ತದೆ. ಪ್ಲೇಲಿಸ್ಟ್ ತೆರೆದು ಎಡಿಟ್ ಒತ್ತಿದರೆ ಪ್ರತಿ ಹಾಡಿನ ಬಲಗಡೆ ಮೂರು ಅಡ್ಡಗೆರೆ ಬರುತ್ತವೆ, ಅದನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಎಳೆಯಬೇಕು. 13 ಹಾಡಿಗೆ ಅಷ್ಟು ಸಾಕು. ಆದರೆ ದೊಡ್ಡ ಪಟ್ಟಿಯಲ್ಲಿ 170ನೇ ಹಾಡನ್ನು 5ನೇ ಜಾಗಕ್ಕೆ ಎಳೆಯುವಷ್ಟರಲ್ಲಿ ಬೆರಳು ಜಾರಿ ಎಲ್ಲೋ ನಡುವೆ ಬಿದ್ದುಬಿಡುತ್ತದೆ. ಅದಕ್ಕೇ ಕಂಪ್ಯೂಟರ್ ವಾಸಿ. ಕಂಟ್ರೋಲ್ ಕೀಲಿ ಹಿಡಿದು ಬೇಕಾದ ಹಾಡುಗಳನ್ನು ಅಲ್ಲೊಂದು ಇಲ್ಲೊಂದು ಆರಿಸಬಹುದು, ಶಿಫ್ಟ್ ಹಿಡಿದರೆ ಸಾಲಾಗಿ ಆರಿಸಬಹುದು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಎಳೆದು ಒಂದು ಕಡೆ ಬಿಡಬಹುದು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ, ನಾನೂ ಅರ್ಧ ಗಂಟೆ ಒದ್ದಾಡಿದೆ. ಹಾಡು ಎಳೆದರೂ ಕದಲುತ್ತಿರಲಿಲ್ಲ. ಕಾರಣ, ಪಟ್ಟಿಯನ್ನು ಹೆಸರಿನ ಪ್ರಕಾರವೋ ತಾರೀಖಿನ ಪ್ರಕಾರವೋ ವಿಂಗಡಿಸಿ ನೋಡುತ್ತಿದ್ದರೆ ಕೈಯಿಂದ ಜೋಡಿಸಲು ಬಿಡುವುದಿಲ್ಲ. ವಿಂಗಡಣೆಯನ್ನು ಕಸ್ಟಮ್ ಆರ್ಡರ್‌ಗೆ ತಂದರೆ ಮಾತ್ರ ಎಳೆಯಬಹುದು. ಯೂಟ್ಯೂಬ್ ಮ್ಯೂಸಿಕ್ ಬಳಸುವವರು ಅಲ್ಲಿ ಮ್ಯಾನುಯಲ್ ಅಂತ ಇಟ್ಟುಕೊಳ್ಳಬೇಕು. ವಿಂಗಡಣೆ ಬರೀ ನಮ್ಮ ಕಣ್ಣಿಗೆ ಕಾಣುವ ಕ್ರಮ, ಒಳಗಿನ ನಿಜವಾದ ಕ್ರಮ ಹಾಗೇ ಇರುತ್ತದೆ. ಹಾಗಾಗಿ ಭಯ ಬೇಡ, ವಿಂಗಡಿಸಿ ನೋಡಿದರೆ ಜೋಡಿಸಿದ್ದು ಕೆಡುವುದಿಲ್ಲ. ಲೈಕ್ ಮಾಡಿದ ಹಾಡುಗಳ ಪಟ್ಟಿಯಲ್ಲಿ ಮಾತ್ರ ಈ ಸೌಲಭ್ಯ ಇಲ್ಲ, ಅವನ್ನು ಬೇರೆ ಪ್ಲೇಲಿಸ್ಟಿಗೆ ಹಾಕಿಕೊಂಡೇ ಜೋಡಿಸಬೇಕು.

ಗಾಯಕರ ಪ್ರಕಾರ ವಿಂಗಡಿಸಿ ನೋಡೋಣ ಅಂತ ಹೊರಟರೆ ನಮ್ಮ ಕನ್ನಡ ಹಾಡಿಗೆ ಇನ್ನೊಂದು ತೊಡಕು. ಸಿನಿಮಾ ಹಾಡುಗಳಲ್ಲಿ ಆರ್ಟಿಸ್ಟ್ ಜಾಗದಲ್ಲಿ ಎಷ್ಟೋ ಸಲ ಮೊದಲು ಸಂಗೀತ ನಿರ್ದೇಶಕರ ಹೆಸರು, ಆಮೇಲೆ ಹಾಡಿದವರ ಹೆಸರು. ಹಾಗಾಗಿ ಎಸ್‌ಪಿಬಿ ಹಾಡುಗಳೆಲ್ಲ ಒಂದು ಕಡೆ ಸೇರುವ ಬದಲು ಹಂಸಲೇಖ ಕೆಳಗೆ ಕೆಲವು, ರಾಜನ್-ನಾಗೇಂದ್ರ ಕೆಳಗೆ ಕೆಲವು ಚೆದುರಿರುತ್ತವೆ. ಯಂತ್ರದ ವಿಂಗಡಣೆ ನಂಬಿ ಕೂರುವ ಹಾಗಿಲ್ಲ, ಕಿವಿಯೇ ಗತಿ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಸರದಿ ಪ್ರಕಾರ ಮೇಷ್ಟ್ರು, ಮೇಡಂ, ಹುಡುಗ, ನಾನು ಅಂತ ಸುತ್ತು ಹಾಕಿದರೆ ನ್ಯಾಯ ಆಗುತ್ತದೆ, ಆದರೆ ಕೇಳಲು ಚೆನ್ನಾಗಿರುವುದಿಲ್ಲ. 60ರ ದಶಕದ ಮೆಲ್ಲನೆಯ ಹಾಡು ಮುಗಿದ ಕೂಡಲೇ ಈಗಿನ ಡ್ರಮ್ಮು ಬಡಿದರೆ ಎದೆ ಧಸಕ್ ಅನ್ನುತ್ತದೆ. ದನಿಮಟ್ಟ ಒಂದೇ ಸಮ ಮಾಡುವ ಸೆಟ್ಟಿಂಗ್ ಇದೆ, ಹಾಕಿಟ್ಟಿದ್ದೇನೆ, ಹಳೆಯ ಧ್ವನಿಮುದ್ರಣ ಈಗ ಕೇಳಿಸದ ಹಾಗೆ ಆಗುವುದಿಲ್ಲ. ಆದರೆ ಹಾಡಿನ ಸ್ವಭಾವವನ್ನು ಅದು ಬದಲಿಸಲಾರದು. ನಾನು ಮಾಡುವುದು ಇಷ್ಟು: ಒಂದು ಹಾಡಿನ ಕೊನೆಯ 20 ಸೆಕೆಂಡು, ಮುಂದಿನದರ ಮೊದಲ 20 ಸೆಕೆಂಡು, ಎರಡನ್ನೂ ಬೆನ್ನಿಗೆ ಬೆನ್ನು ಕೇಳುತ್ತೇನೆ. ಕೊಳಲಿನಲ್ಲಿ ಮುಗಿಯುವ ಹಾಡಿನ ಹಿಂದೆ ಗಿಟಾರಿನಲ್ಲಿ ಮೆಲ್ಲಗೆ ಶುರುವಾಗುವ ಹೊಸ ಹಾಡು ಸಲೀಸಾಗಿ ಕೂರುತ್ತದೆ. ಮೇಷ್ಟ್ರಿಗೂ ಹುಡುಗನಿಗೂ ನಡುವೆ ಸಾಮಾನ್ಯವಾಗಿ ಮೇಡಂ ಹಾಡು ಇಡುತ್ತೇನೆ, 90ರ ದಶಕ ಎರಡೂ ಕಡೆಗೆ ಸೇತುವೆ.

ಒಂದು ಹಾಡು ಕರಗಿ ಇನ್ನೊಂದಕ್ಕೆ ಸೇರುವ ಕ್ರಾಸ್‌ಫೇಡ್ 12 ಸೆಕೆಂಡಿನವರೆಗೆ ಇಡಬಹುದು. ನಾನು ಸೊನ್ನೆಯಲ್ಲೇ ಇಟ್ಟಿದ್ದೇನೆ. ಭಾವಗೀತೆಯ ಕೊನೆಯ ಸಾಲು ನಿಧಾನಕ್ಕೆ ಇಳಿಯುವಾಗ ಮೇಲೆ ಇನ್ನೊಂದು ಹಾಡು ಏರಿ ಬರುವುದು ನನಗೆ ಸಹಿಸುವುದಿಲ್ಲ. ಆ ಎರಡು ಸೆಕೆಂಡಿನ ಮೌನವೂ ಹಾಡಿಗೆ ಸೇರಿದ್ದು.

ಆಮೇಲೆ ದಾರಿ. ಆನಗೋಡು ಬರುವವರೆಗೆ ಊರಿನ ಸುದ್ದಿ, ಮಾತು ಜಾಸ್ತಿ. ವಚನ ಮುಗಿದ ಮೇಲೆ ಅಲ್ಲಿಗೆ ಸಿನಿಮಾ ಹಾಡು ಸಾಕು, ಕಿವಿ ಕೊಡದಿದ್ದರೂ ನಡೆಯುತ್ತದೆ. ಹೆಬ್ಬಾಳು ಟೋಲ್ ಹತ್ತಿರ ಕಾರು ನಿಧಾನ, ಲಾರಿಗಳ ಹಾರ್ನು, ಗದ್ದಲ. ಮೊದಲ ವಾರ ಅಲ್ಲಿಗೆ ಸರಿಯಾಗಿ ಜಾನಕಿಯವರ ಒಂದು ಸೂಕ್ಷ್ಮವಾದ ಹಾಡು ಬಂತು, ಪಲ್ಲವಿಯೇ ಕೇಳಿಸಲಿಲ್ಲ. ಈಗ ಆ 5ನೇ ಜಾಗಕ್ಕೆ ಎಲ್ಲರಿಗೂ ಬಾಯಿಪಾಠ ಇರುವ ಹಾಡು ಇಡುತ್ತೇನೆ, ನಡುವೆ ಎರಡು ಸಾಲು ಮುಳುಗಿದರೂ ನಮ್ಮ ಬಾಯಲ್ಲೇ ಮುಂದುವರಿಯುತ್ತದೆ. ಭರಮಸಾಗರದ ಹತ್ತಿರ ಮೊದಲ ಬದಿ ಮುಗಿಯುತ್ತದೆ. ಅಲ್ಲಿಂದ ಎರಡನೇ ಬದಿ, ದುರ್ಗದ ಗುಡ್ಡದ ಮೇಲಿನ ಗಾಳಿಗಿರಣಿಗಳು ಕಾಣುವ ಹೊತ್ತಿಗೆ ಆ ವಾರದ ಅತ್ಯಂತ ಒಳ್ಳೆಯ ಹಾಡು ಬರಬೇಕು ಅಂತ ನನ್ನ ಹಟ. ಕೊನೆಯದು ಚುರುಕಾದ ಹಾಡು, ಇಳಿದು ಕೆಲಸಕ್ಕೆ ಹೋಗಬೇಕಲ್ಲ.

ಸಂಜೆಗೆ ಇದನ್ನೇ ತಿರುವಿ ಹಾಕಿದರೆ ಆಗುವುದಿಲ್ಲ, ಮಾಡಿ ನೋಡಿದ್ದೇನೆ. ನಮ್ಮ ದಾರಿ ಹೇಗಿದೆ ಅಂದರೆ ಬೆಳಿಗ್ಗೆ ಹೋಗುವಾಗಲೂ ಬಿಸಿಲು ಮುಖಕ್ಕೆ, ಸಂಜೆ ಬರುವಾಗಲೂ ಬಿಸಿಲು ಮುಖಕ್ಕೆ. ಸಂಜೆ ಎಲ್ಲರೂ ದಣಿದಿರುತ್ತಾರೆ, ಮೇಡಂ ಭರಮಸಾಗರ ದಾಟುವಷ್ಟರಲ್ಲಿ ನಿದ್ದೆಗೆ ಜಾರುತ್ತಾರೆ. ಹಾಗಾಗಿ ಸಂಜೆಯದು ಬೇರೆಯೇ ಪಟ್ಟಿ: ಮೊದಲರ್ಧ ಹುಡುಗನ ಹಾಡು, ಎರಡನೇ ಅರ್ಧ ಪಿಬಿಎಸ್.

ಒಂದು ಅನಾಹುತವನ್ನೂ ಹೇಳಬೇಕು. ಹಂಚಿಕೊಂಡ ಪಟ್ಟಿಯಲ್ಲಿ ಸೇರಿಸುವ ಹಕ್ಕು ಇದ್ದವರಿಗೆ ಜರುಗಿಸುವ, ತೆಗೆಯುವ ಹಕ್ಕೂ ಇರುತ್ತದೆ. ನಮ್ಮಲ್ಲೊಬ್ಬರ ಫೋನು ಮಗುವಿನ ಕೈಗೆ ಸಿಕ್ಕಿ ಕಣಜದಿಂದ ಸುಮಾರು ಹಾಡು ಮಾಯವಾದವು. ಯಾವುದು ಹೋಯಿತು ಅಂತ ನೆನಪು ಮಾಡಿಕೊಳ್ಳುವುದಕ್ಕೇ ವಾರ ಹಿಡಿಯಿತು. ಅವತ್ತಿಂದ ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಎಲ್ಲ ಹಾಡು ಆರಿಸಿ, ಕಾಪಿ ಮಾಡಿ, ನನ್ನೊಬ್ಬನದೇ ಆದ ಖಾಲಿ ಪ್ಲೇಲಿಸ್ಟಿಗೆ ಪೇಸ್ಟ್ ಮಾಡಿ ಇಡುತ್ತೇನೆ. ಕ್ರಮವೂ ಹಾಗೇ ಬರುತ್ತದೆ. ಪೂರ್ತಿ ಪ್ಲೇಲಿಸ್ಟನ್ನೇ ಅಳಿಸಿಬಿಟ್ಟರೆ ಸ್ಪಾಟಿಫೈ ಖಾತೆಯ ಪುಟದಲ್ಲಿ 90 ದಿನದವರೆಗೆ ವಾಪಸ್ ಪಡೆಯಬಹುದು. ವಾರದ ಪಟ್ಟಿಯನ್ನು ಭಾನುವಾರ ರಾತ್ರಿಯೇ ಫೋನಿಗೆ ಇಳಿಸಿಕೊಂಡಿರುತ್ತೇನೆ. ಓಡಿಸುವಾಗ ಫೋನು ಹಿಂದಿನ ಸೀಟಿನಲ್ಲಿ ಹುಡುಗನ ಕೈಯಲ್ಲಿ, ನಾನು ಮುಟ್ಟುವುದಿಲ್ಲ.

ಕಳೆದ ತಿಂಗಳು ಮೇಷ್ಟ್ರು ಜೇಬಿನಿಂದ ಒಂದು ಹಳೆಯ ಕ್ಯಾಸೆಟ್ಟಿನ ಒಳಗಿನ ಕಾಗದ ತೆಗೆದು ಕೊಟ್ಟರು. ಮಡಿಕೆಯಲ್ಲಿ ಹರಿದಿತ್ತು, ನೀಲಿ ಶಾಯಿ ಕಂದಿತ್ತು, ಅಕ್ಷರ ಮಾತ್ರ ದುಂಡಗೆ ಹಾಗೇ ಇತ್ತು. ಎ ಬದಿಯಲ್ಲಿ 7 ಹಾಡು. ಕ್ಯಾಸೆಟ್ ಯಾವಾಗಲೋ ಸುತ್ತಿಕೊಂಡು ಹಾಳಾಗಿದೆಯಂತೆ. ಆ ಭಾನುವಾರ ನಾನೂ ಹುಡುಗನೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಾ ಒಂದೊಂದೇ ಹುಡುಕಿದೆವು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದು ನೋಡಬೇಕಾಯಿತು. 6 ಸಿಕ್ಕವು. 4ನೆಯದು ಎಲ್ಲೂ ಇಲ್ಲ. ಬೇರೆ ಹಾಡು ತುಂಬಿಸಲು ಮನಸ್ಸು ಬರಲಿಲ್ಲ, ಸಿಕ್ಕ ಆರನ್ನೇ ಆ ಕಾಗದದ ಕ್ರಮದಲ್ಲಿ ಇಟ್ಟೆ.

ಸೋಮವಾರ ಬೆಳಿಗ್ಗೆ ಏನೂ ಹೇಳದೆ ಹಾಕಿದೆವು. ಎರಡನೇ ಹಾಡಿಗೇ ಮೇಷ್ಟ್ರಿಗೆ ಗೊತ್ತಾಯಿತು, ಮಾತು ನಿಲ್ಲಿಸಿದರು. ಮೂರನೆಯದು ಮುಗಿದು ಮುಂದಿನದು ಶುರುವಾಗುವ ಹೊತ್ತಿಗೆ ಹಿಂದೆ ತಿರುಗಿ, 'ಒಂಚೂರು ನಿಲ್ಲಿಸಪ್ಪಾ' ಅಂದರು. ಹುಡುಗ ನಿಲ್ಲಿಸಿದ. ಟೋಲ್ ದಾಟಿ ಸ್ವಲ್ಪ ದೂರ ಬಂದಿದ್ದೆವು. ಸಿಗದೇ ಹೋದ ಆ ನಾಲ್ಕನೇ ಹಾಡನ್ನು ಪಲ್ಲವಿ, ಒಂದು ಚರಣ, ಅವರೇ ಹಾಡಿದರು. ಆಮೇಲೆ 'ಹೂಂ, ಈಗ ಹಾಕು' ಅಂದರು.