ಬೇಯಿಸುವುದಷ್ಟೇ ಅದರ ಕೆಲಸ

ಸ್ಲೋ ಕುಕ್ಕರಿನ, ಅಂದರೆ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಕರೆಂಟಿನ ಪಾತ್ರೆಯ, ಸಾರು ಯಾಕೋ ಸಪ್ಪೆ ಅಂತ ಇಲ್ಲಿನ ನಮ್ಮವರು ಹೇಳುತ್ತಲೇ ಇರುತ್ತಾರೆ. ಹೇಗೆ ಮಾಡಿದಿರಿ ಅಂದರೆ ಉತ್ತರ ಹೆಚ್ಚುಕಡಿಮೆ ಒಂದೇ: ಬೆಳಿಗ್ಗೆ ಹಸಿ ಮಾಂಸ, ಹಸಿ ಈರುಳ್ಳಿ, ಎರಡು ಚಮಚ ಪುಡಿ, ನಾಲ್ಕು ಲೋಟ ನೀರು, ಮೇಲೊಂದು ಮುಚ್ಚಳ. ಸಂಜೆ ತೆಗೆದರೆ ಬೆಂದಿರುತ್ತದೆ, ಅಷ್ಟೇ. ನಾನಿರುವುದು ಅಮೆರಿಕದ ಮಿನೆಸೋಟದಲ್ಲಿ. ಏಳಕ್ಕೆ ಮನೆ ಬಿಟ್ಟರೆ ವಾಪಸು ಬರುವುದು ಸಂಜೆ ಐದೂವರೆಗೆ. ವಾರದ ದಿನ ಮಟನ್ ಸಾರೋ ಹುರುಳಿ ಸಾರೋ ಉಣ್ಣಬೇಕೆಂದರೆ ಈ ಪಾತ್ರೆಯೇ ಗತಿ. ಹಾಗಾಗಿ ಅದರಿಂದ ಏನು ಮಾಡಿಸಿಕೊಳ್ಳಬಹುದು, ಏನು ನಾವೇ ಮಾಡಬೇಕು ಅನ್ನುವುದು ತಕ್ಕಮಟ್ಟಿಗೆ ಗೊತ್ತಾಗಿದೆ.

ಬಿಸಿಯ ಗುಂಡಿಯನ್ನು ಲೋ ಇಟ್ಟರೂ ಹೈ ಇಟ್ಟರೂ ಪಾತ್ರೆ ಕೊನೆಗೆ ತಲುಪುವುದು 100 ಡಿಗ್ರಿಯ ಆಸುಪಾಸಿಗೇ; ಹೈನಲ್ಲಿ ಬೇಗ, ಲೋನಲ್ಲಿ ನಿಧಾನ. ಮಾಂಸ, ಈರುಳ್ಳಿ ಚೆನ್ನಾಗಿ ಕೆಂಪಾಗಿ ಘಮ ಬಿಡಬೇಕೆಂದರೆ ಬಾಣಲೆಯ ಬಿಸಿ ಬೇಕು, 140 ಡಿಗ್ರಿ ಮತ್ತು ಅದಕ್ಕೂ ಮೇಲೆ. ನೀರಿರುವ ಕಡೆ ಅಷ್ಟು ಬಿಸಿ ಆಗುವುದೇ ಇಲ್ಲ. ಜೊತೆಗೆ ಮೇಲೆದ್ದ ಹಬೆಯೆಲ್ಲ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಇಳಿಯುತ್ತದೆ. ಒಲೆಯ ಮೇಲೆ ಸಾರು ಕುದಿಯುತ್ತ ಕುದಿಯುತ್ತ ಇಂಗಿ ಗಟ್ಟಿಯಾಗುವಂತೆ ಇಲ್ಲಿ ಆಗುವುದಿಲ್ಲ. ಎಂಟು ಗಂಟೆ ಬೆಂದ ಪುಡಿಯ ವಾಸನೆ ಸಂಜೆ ನೀವು ಬರುವ ಹೊತ್ತಿಗೆ ಅಡುಗೆಮನೆಯ ಗಾಳಿಯಲ್ಲಿರುತ್ತದೆ, ಸಾರಿನಲ್ಲಿರುವುದಿಲ್ಲ. ಹಾಗಾಗಿ ಹುರಿಯುವುದೆಲ್ಲ ಮೊದಲೇ ಆಗಬೇಕು, ಹುಳಿ-ಕಾಯಿ-ಒಗ್ಗರಣೆ ಕೊನೆಗೆ ಬರಬೇಕು. ನಡುವಿನ ಬೇಯುವಿಕೆಯನ್ನು ಮಾತ್ರ ಅದಕ್ಕೆ ಬಿಟ್ಟುಕೊಡುತ್ತೇನೆ.

ಮಟನ್ ಸಾರನ್ನೇ ತೆಗೆದುಕೊಳ್ಳಿ. ಹಲಾಲ್ ಅಂಗಡಿಯಲ್ಲಿ ಒಂದು ಕೆಜಿ ಆಡಿನ ಮಾಂಸ. ಕತ್ತಿನ ತುಂಡು, ಮುಂಗಾಲು, ಎರಡು ನಲ್ಲಿ ಮೂಳೆ ಇರಲಿ ಎಂದು ಕೇಳಿ ಹಾಕಿಸಿಕೊಳ್ಳುತ್ತೇನೆ. ನರ, ಮೂಳೆ ಇರುವ ಭಾಗವೇ ಇದಕ್ಕೆ ಒಗ್ಗುವುದು. ಅದರ ನಾರು ನಿಧಾನಕ್ಕೆ ಕರಗಿ ಸಾರಿಗೆ ತುಟಿಗೆ ಅಂಟುವಂಥ ಮಂದ ಬರುತ್ತದೆ. ಕೊಬ್ಬಿಲ್ಲದ ಒಳ್ಳೆಯ ತುಂಡು ಅಂತ ಹೆಚ್ಚು ದುಡ್ಡು ಕೊಟ್ಟು ತಂದದ್ದು ಇದರಲ್ಲಿ ಒಣಗಿದ ನಾರಾಗುತ್ತದೆ.

ಮಸಾಲೆ ಹಿಂದಿನ ರಾತ್ರಿಯೇ ಮುಗಿಸುತ್ತೇನೆ. ಎರಡು ದೊಡ್ಡ ಈರುಳ್ಳಿ ಅಂಚು ಕಂದುವವರೆಗೆ ಎಣ್ಣೆಯಲ್ಲಿ, ಆಮೇಲೆ ಬೆಳ್ಳುಳ್ಳಿ, ಶುಂಠಿ. ಮೂರು ಚಮಚ ಕೊತ್ತಂಬರಿ ಬೀಜ, ಏಳೆಂಟು ಬ್ಯಾಡಗಿ, ಖಾರಕ್ಕೆ ಎರಡು ಗುಂಟೂರು, ಒಂದು ಚಮಚ ಗಸಗಸೆ, ಒಂದು ಹಿಡಿ ಕೊಬ್ಬರಿ ತುರಿ. ಇವನ್ನು ಬೇರೆ ಬೇರೆಯಾಗಿ ಹುರಿಯುತ್ತೇನೆ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬೀಜ ಹದಕ್ಕೆ ಬರುವಷ್ಟರಲ್ಲಿ ಗಸಗಸೆ ಸೀದಿರುತ್ತದೆ. ಚಕ್ಕೆ, ಲವಂಗ ರುಬ್ಬುವುದಿಲ್ಲ, ಇಡಿಯಾಗಿ ಹಾಕುತ್ತೇನೆ. ಇಡಿಯಾಗಿದ್ದರೆ ಗಂಟೆಗಟ್ಟಲೆ ನಿಧಾನಕ್ಕೆ ಬಿಟ್ಟುಕೊಡುತ್ತವೆ. ಮಂಡ್ಯದಿಂದ ಅಮ್ಮ ಫೋನ್ ಮಾಡಿದರೆ ಮೊದಲು ಕೇಳುವುದೂ ಇದನ್ನೇ: “ಮಸಾಲೆ ಹುರಿದ್ಯೇನವ್ವ, ಇಲ್ಲಾ ಹಂಗೇ ಸುರಿದ್ಬುಟ್ಯಾ?”

ಬೆಳಿಗ್ಗೆ ಇಪ್ಪತ್ತು ನಿಮಿಷದ ಕೆಲಸ. ತೊಳೆದ ಮಾಂಸವನ್ನು ಪೇಪರ್ ಟವೆಲ್ಲಿನಲ್ಲಿ ಒತ್ತಿ ಒರೆಸುತ್ತೇನೆ. ನೀರಿದ್ದರೆ ಅದು ಬಾಣಲೆಯಲ್ಲಿ ಹುರಿಯುವುದಿಲ್ಲ, ಬೂದುಬಣ್ಣಕ್ಕೆ ತಿರುಗಿ ಬೇಯುತ್ತದೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ತುಂಡುಗಳು ಒಂದಕ್ಕೊಂದು ತಾಗದಂತೆ ಎರಡು ಸರ್ತಿಗೆ ಹಾಕಬೇಕು. ಹಾಕಿದ ಕೂಡಲೇ ಮಗುಚಲು ಹೋದರೆ ತಳಕ್ಕೆ ಹಿಡಿದುಕೊಂಡಿರುತ್ತದೆ. ಸುಮ್ಮನೆ ಬಿಟ್ಟರೆ ಎರಡು-ಮೂರು ನಿಮಿಷಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ, ಆಗ ಅಡಿ ಕಂದಗಾಗಿರುತ್ತದೆ. ಮಾಂಸ ತೆಗೆದು ಅದೇ ಬಾಣಲೆಗೆ ಮಸಾಲೆ ಹಾಕಿ, ಹಸಿ ವಾಸನೆ ಹೋಗಿ ಎಣ್ಣೆ ಬಿಡುವವರೆಗೆ ಬಾಡಿಸುತ್ತೇನೆ. ಆಮೇಲಿನದನ್ನು ಮಾತ್ರ ಯಾರೂ ಬಿಡಬೇಡಿ: ಅರ್ಧ ಲೋಟ ಬಿಸಿನೀರು ಹಾಕಿ, ಮರದ ಸೌಟಿನಲ್ಲಿ ತಳ ಕೆರೆದು, ಅಂಟಿದ ಕಂದು ಪದರವನ್ನೆಲ್ಲ ಕರಗಿಸಿ ಕುಕ್ಕರಿಗೆ ಸುರಿಯುವುದು. ಸಾರಿನ ಬಣ್ಣವೂ ರುಚಿಯೂ ಅರ್ಧ ಅದರಲ್ಲೇ ಇರುತ್ತದೆ. ಬಾಣಲೆಯನ್ನು ಸಿಂಕಿಗೆ ಹಾಕಿ ಸೋಪು ಬಿಟ್ಟರೆ ಹೋಯಿತು.

ಇನ್ನು ನೀರು. ಒಲೆಯಲ್ಲಾದರೆ ಹಾಕುತ್ತಿದ್ದುದರ ಅರ್ಧ ಸಾಕು. ಕೆಜಿ ಮಾಂಸಕ್ಕೆ, ಕೆರೆದ ನೀರೂ ಸೇರಿ, ಒಂದೂವರೆ ಲೋಟ. ಕಡಿಮೆಯಾಯಿತೇನೋ ಅನ್ನಿಸುತ್ತದೆ, ಆಗುವುದಿಲ್ಲ. ಮಾಂಸವೇ ನೀರು ಬಿಡುತ್ತದೆ. ಲೋನಲ್ಲಿ ಎಂಟು ಗಂಟೆ ಇಟ್ಟರೆ, ಆಮೇಲೆ ನನ್ನ ಪಾತ್ರೆ ತಾನಾಗಿ, ಬಿಸಿ ಆರದಂತೆ ಕಾಯುವ ವಾರ್ಮ್‌ಗೆ ಬರುತ್ತದೆ. ಮನೆಯಲ್ಲಿರುವ ದಿನ ಮುಚ್ಚಳ ತೆಗೆದು ಇಣುಕುವ ಚಪಲ ಬೇಡ. ಒಂದು ಸಲ ತೆಗೆದರೆ ಹೋದ ಬಿಸಿ ಮತ್ತೆ ಏರಲು ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ.

ಸಂಜೆ ಬಂದು ಮೇಲೆ ತೇಲುವ ಕೊಬ್ಬನ್ನು ಸೌಟಿನಲ್ಲಿ ತೆಗೆದು, ಹಸಿ ತೆಂಗಿನಕಾಯಿ ನುಣ್ಣಗೆ ರುಬ್ಬಿ ಹಾಕಿ, ಮುಚ್ಚಳವಿಲ್ಲದೆ ಹೈನಲ್ಲಿ ಅರ್ಧ ಗಂಟೆ ಬಿಡುತ್ತೇನೆ. ಕಾಯನ್ನು ಬೆಳಿಗ್ಗೆಯೇ ಹಾಕಿದರೆ ಒಡೆದು ತರಿತರಿಯಾಗುತ್ತದೆ. ಉಪ್ಪನ್ನೂ ಮುಕ್ಕಾಲು ಮೊದಲು, ಉಳಿದದ್ದು ಈಗ ನೋಡಿಕೊಂಡು. ಕೊನೆಗೆ ನಿಂಬೆಹುಳಿ, ಕೊತ್ತಂಬರಿ ಸೊಪ್ಪು. ಒಂದು ಚಮಚ ತುಪ್ಪದಲ್ಲಿ ಕರಿಬೇವು, ಆಗ ಕುಟ್ಟಿದ ಕಾಳುಮೆಣಸು ಹಾಕಿ ಮೇಲೆ ಬಿಡುತ್ತೇನೆ. ಮಟನ್ ಸಾರಿಗೆ ಕೊನೆಗೆ ಒಗ್ಗರಣೆಯೇ ಅಂತ ಅಮ್ಮ ಒಪ್ಪುವುದಿಲ್ಲ. ಇಲ್ಲಿ ಇದು ಬೇಕೇ ಬೇಕು ಅನ್ನುವುದು ನನ್ನ ಪಕ್ಷ.

ಕಾಳುಗಳ ವಿಷಯಕ್ಕೆ ಬಂದರೆ ಈ ಪಾತ್ರೆ ಹುಟ್ಟಿದ್ದೇ ಅದಕ್ಕೆ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಲಿಥುವೇನಿಯಾದ ಯಹೂದಿಗಳು ತಮ್ಮ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆಂದು ಕಾಳು, ಮಾಂಸ ಸೇರಿಸಿ, ಬ್ರೆಡ್ ಸುಡುವವನ ಆರುತ್ತಿರುವ ಒಲೆಯಲ್ಲಿ ರಾತ್ರಿಯಿಡೀ ಬಿಡುತ್ತಿದ್ದ ಅಡುಗೆಯ ವಿಚಾರ ಅವರಿಗೆ ತಾಯಿಯಿಂದ ಗೊತ್ತಿತ್ತಂತೆ. ಅದು ಕ್ರಾಕ್-ಪಾಟ್ ಎಂಬ ಹೆಸರಲ್ಲಿ ಅಂಗಡಿಗೆ ಬಂದದ್ದು 1971ರಲ್ಲಿ.

ನಮ್ಮ ಹುರುಳಿಕಾಳಿಗೆ ಇದಕ್ಕಿಂತ ಒಳ್ಳೆಯ ಪಾತ್ರೆ ಈ ದೇಶದಲ್ಲಿ ನನಗೆ ಸಿಕ್ಕಿಲ್ಲ. ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ ಆಮೇಲೆ ಕುಕ್ಕರಿಗೆ. ಇಲ್ಲಿ ಮಾತ್ರ ನೀರು ಧಾರಾಳ, ಕಟ್ಟು ಬೇಕಲ್ಲ. ಹುಣಸೆಹುಳಿ, ಟೊಮೇಟೊ ಮೊದಲು ಹಾಕಬಾರದು. ಹುಳಿ ಬಿದ್ದರೆ ಸಿಪ್ಪೆ ಗಟ್ಟಿಯಾಗಿ ಕಾಳು ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ. ಸಂಜೆ ಕಟ್ಟು ಬಸಿದು, ಒಂದು ಹಿಡಿ ಬೆಂದ ಕಾಳು, ಕಾಯಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ ರುಬ್ಬಿ, ಹುಣಸೆರಸದ ಜೊತೆ ಒಲೆಯ ಮೇಲೆ ಎರಡು ಕುದಿ. ಮೇಲೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಮುದ್ದೆ ತೊಳಸಲು ಅಷ್ಟು ಹೊತ್ತು ಸಾಕು.

ರಾಜ್ಮಾಕ್ಕೆ ಮೊದಲಿನ ಆ ಕೊತಕೊತ ಕುದಿ ರುಚಿಗಲ್ಲ, ಜೀವಕ್ಕೆ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಸಣ್ಣ ಬಿಸಿಗೆ ಹೋಗುವುದಿಲ್ಲ, ಸುಮಾರು 80 ಡಿಗ್ರಿಯಲ್ಲಿ ಇನ್ನೂ ಹೆಚ್ಚಬಹುದು. ವಾಂತಿ, ಭೇದಿ ಹಿಡಿಯುತ್ತದೆ. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಅರ್ಧ ಗಂಟೆ ಜೋರಾಗಿ ಕುದಿಸಿಯೇ ಒಳಗೆ ಹಾಕಿ.

ಕೋಳಿಯಾದರೆ ಎದೆಯ ಮಾಂಸ ಬೇಡ, ಮೂಳೆಯಿರುವ ತೊಡೆ ತನ್ನಿ. ದೇಸಿ ಅಂಗಡಿಗಳಲ್ಲಿ ಹಾರ್ಡ್ ಚಿಕನ್ ಅಂತ ಮುದಿ ಕೋಳಿ ಸಿಗುತ್ತದೆ. ನಾಟಿ ಕೋಳಿಯ ಆಸೆಯನ್ನು ಒಂದಿಷ್ಟು ತೀರಿಸುವುದು ಅದೇ. ಮೀನು, ಸೊಪ್ಪು, ಬೆಂಡೆಕಾಯಿಗೆ ಈ ಪಾತ್ರೆ ದಂಡ.

ಭಾನುವಾರ ರಾತ್ರಿ ಪಾತ್ರೆ ಖಾಲಿಯಿದ್ದರೆ ಎರಡು ಕೆಜಿ ಈರುಳ್ಳಿ ಹೆಚ್ಚಿ, ಸ್ವಲ್ಪ ಎಣ್ಣೆ, ಉಪ್ಪು ಬೆರೆಸಿ ಲೋನಲ್ಲಿ ಬೆಳಗಿನವರೆಗೆ ಬಿಡುತ್ತೇನೆ. ಇಲ್ಲಿ ಬೇರೆ ನೀರೇ ಇಲ್ಲ, ಸಕ್ಕರೆ ಅಂಶ ಜಾಸ್ತಿ. ಬಾಣಲೆಯಲ್ಲಿ ಆಗುವುದು ಇಡೀ ರಾತ್ರಿ ಹಿಡಿದು ನಿಧಾನಕ್ಕೆ ಆಗುತ್ತದೆ. ಎದ್ದ ಮೇಲೆ ಮುಚ್ಚಳದಡಿ ಒಂದು ಚಮಚ ಅಡ್ಡ ಇಟ್ಟು ಇನ್ನೊಂದು ಗಂಟೆ ಹಬೆ ಹೋಗಲು ಬಿಟ್ಟರೆ ಕಂದು ಬಣ್ಣದ ಗೊಜ್ಜು ಉಳಿಯುತ್ತದೆ. ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿಗೆ. ಮಸಾಲೆ ಹುರಿಯಲು ಹೊತ್ತಿಲ್ಲದ ದಿನ ಎರಡು ಬಿಲ್ಲೆ ಸಾಕು. ಆ ರಾತ್ರಿ ಚಳಿಗಾಲದ ಕೋಟುಗಳನ್ನು ಮಾತ್ರ ದೂರದ ಕೋಣೆಗೆ ಹಾಕಿ ಬಾಗಿಲು ಮುಚ್ಚಿ, ಇಲ್ಲದಿದ್ದರೆ ಆಫೀಸಿನ ಲಿಫ್ಟಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.