ಇನ್ಸುಲೇಷನ್ ಇಲ್ಲದ ರೇಸ್‌ಟ್ರ್ಯಾಕ್ ಸುರುಳಿ: ಮೇಣದಿಂದ ಉಳಿದ 62 ಆಂಪಿಯರ್

ತಣ್ಣಗಾದಾಗ ಕರೆಂಟಿಗೆ ಅಡ್ಡಿಯೇ ಒಡ್ಡದ ಅತಿವಾಹಕ ಟೇಪನ್ನು ಸುತ್ತುಗಳ ನಡುವೆ ಇನ್ಸುಲೇಷನ್ ಇಲ್ಲದೆ ಸುತ್ತಿದ ಸುರುಳಿ ದುಂಡಗಿದ್ದರೆ ಸರಿ, ತೇಲುವ ರೈಲಿನ ಕಾಂತಕ್ಕೆ ಬೇಕಾದ ರೇಸ್‌ಟ್ರ್ಯಾಕ್ ಆಕಾರದಲ್ಲಿ (ಎರಡು ನೇರ ಮಗ್ಗುಲು, ತುದಿಗಳಲ್ಲಿ ಅರ್ಧ ವೃತ್ತ) ನಿಲ್ಲುವುದಿಲ್ಲ ಎಂದು ಈ ಕೆಲಸ ಬಲ್ಲವರೇ ಹೇಳಿದ್ದರು. ಆ ಸುರುಳಿ ಈಗ ದ್ರವ ಸಾರಜನಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಮುಳುಗಿ ಎದ್ದಿದೆ. ಮೊದಲ ದಿನ ಹೊತ್ತ 62 ಆಂಪಿಯರನ್ನು ಇವತ್ತಿಗೂ ಹೊರುತ್ತಿದೆ. ಇಲ್ಲಿ ಕೊಡುವ ಅಂಕಿಗಳು ನೆನಪಿನಿಂದ ಬರೆದವು, ತುಸು ಆಚೀಚೆ ಇದ್ದಾವು.

ಟೇಪು 4 ಮಿಮೀ ಅಗಲ, 0.1 ಮಿಮೀ ದಪ್ಪದ ರೆಬ್ಕೋ, ಅಂದರೆ ಅಪರೂಪದ ಲೋಹ, ಬೇರಿಯಂ, ತಾಮ್ರಗಳ ಆಕ್ಸೈಡಿನ ಅತಿವಾಹಕ. ತಳ 50 ಮೈಕ್ರಾನ್ ಹ್ಯಾಸ್ಟೆಲಾಯ್ ಎಂಬ ನಿಕಲ್ ಮಿಶ್ರಲೋಹ, ಎರಡೂ ಮಗ್ಗುಲಿಗೆ 20 ಮೈಕ್ರಾನ್ ತಾಮ್ರ. ಬಿಡಿ ತುಂಡು ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ (ಮೈನಸ್ 196 ಡಿಗ್ರಿ) 120 ಆಂಪಿಯರ್ ಹೊರುತ್ತಿತ್ತು. ಸುರುಳಿಯ ನೇರ ಭಾಗ 200 ಮಿಮೀ, ತಿರುವಿನ ಒಳ ತ್ರಿಜ್ಯ 30 ಮಿಮೀ. ಜೋಡಿ ಪ್ಯಾನ್‌ಕೇಕ್, ಅಂದರೆ ಒಂದರ ಮೇಲೊಂದು ಎರಡು ಚಪ್ಪಟೆ ಸುರುಳಿ, ಒಂದೊಂದಕ್ಕೆ 60 ಸುತ್ತು, ಒಟ್ಟು 75 ಮೀಟರಿನಷ್ಟು ಒಂದೇ ತುಂಡು. ಮೇಲಿನಿಂದ ಕೆಳಗಿನ ಪ್ಯಾನ್‌ಕೇಕ್‌ಗೆ ಇಳಿಯುವ ದಾರಿಯನ್ನು ನೇರ ಭಾಗದ ಉದ್ದಕ್ಕೂ ಹರಡಿದ್ದರಿಂದ ಒಳಗೆ ಬೆಸುಗೆಯ ಅಗತ್ಯವೇ ಬೀಳಲಿಲ್ಲ. ಖರ್ಚಿನ ಮುಕ್ಕಾಲು ಪಾಲು ಈ ಟೇಪೇ ನುಂಗಿತು. ಹಾಗಾಗಿ ಕೆಟ್ಟರೆ ಬಿಚ್ಚಿ ಮತ್ತೆ ಸುತ್ತುವಂತಿರಬೇಕು ಎಂಬುದೇ ಮುಂದಿನ ಎಲ್ಲ ತೀರ್ಮಾನಗಳ ಹಿಂದಿದ್ದ ಲೆಕ್ಕ.

ಆ ಲೆಕ್ಕ ಕಲಿಸಿದ್ದು ಎಪಾಕ್ಸಿ. ಮೊದಲ ಸುರುಳಿಗೆ ಎಪಾಕ್ಸಿ ತುಂಬಿದ್ದೆ. ಮೊದಲ ಸಲ ತಂಪು ಮಾಡಿದಾಗ 58 ಆಂಪಿಯರ್ ಬಂತು, ಮೂರನೆಯ ಸಲಕ್ಕೆ 30ರ ಆಸುಪಾಸಿಗೆ ಇಳಿಯಿತು. ಕೋಣೆಯ ಉಷ್ಣತೆಯಿಂದ 77 ಕೆಲ್ವಿನ್‌ಗೆ ಇಳಿಯುವಾಗ ಎಪಾಕ್ಸಿ ಶೇಕಡಾ 1ರಷ್ಟು ಕುಗ್ಗುತ್ತದೆ, ಟೇಪು ಅದರ ಕಾಲು ಭಾಗದಷ್ಟು ಮಾತ್ರ. ಟೇಪಿಗೆ ಉದ್ದಕ್ಕೆ ಎಳೆದರೆ ಎಷ್ಟೋ ಶಕ್ತಿ. ಪದರಗಳನ್ನು ಸುಲಿಯುವಂತೆ ಅಡ್ಡಕ್ಕೆ ಎಳೆದರೆ ಏನೂ ಇಲ್ಲ. ಸುರುಳಿ ಕೊಯ್ದು ನೋಡಿದಾಗ ಒಳ ತಿರುವಿನಲ್ಲಿ ತಾಮ್ರ ಎಪಾಕ್ಸಿಗೇ ಅಂಟಿಕೊಂಡು ಎದ್ದು ಬಂತು. ಅದರ ಬೆನ್ನಿಗೆ ಕಪ್ಪು ಅತಿವಾಹಕ ಪದರ. ಕೈಯಲ್ಲಿ ಉಳಿದದ್ದು ಹೊಳೆಯುವ ಬರೀ ಹ್ಯಾಸ್ಟೆಲಾಯ್. 75 ಮೀಟರಿನಲ್ಲಿ ಒಂದು ಗೇಣೂ ಮರಳಿ ಬಳಸಲು ಸಿಗಲಿಲ್ಲ.

ಎರಡನೆಯದನ್ನು ಏನೂ ತುಂಬದೆ ಒಣದಾಗಿಯೇ ಸುತ್ತಿದೆ, 2 ಕಿಲೋ ಬಿಗಿಯಲ್ಲಿ. ತಿರುವಿನಲ್ಲಿ ಬಿಗಿಯೇ ಸುತ್ತುಗಳನ್ನು ಒಳಕ್ಕೆ ಒತ್ತುತ್ತದೆ. ನೇರ ಭಾಗದಲ್ಲಿ ಒತ್ತುವವರು ಯಾರೂ ಇಲ್ಲ. 60 ಸುತ್ತು 6 ಮಿಮೀ ಆಗಬೇಕು. ತಿರುವಿನಲ್ಲಿ ಅಷ್ಟೇ ಇತ್ತು, ನೇರ ಭಾಗದ ನಡುವೆ ಅಳೆದರೆ 7 ದಾಟಿತ್ತು. ಸುತ್ತುಗಳ ನಡುವೆ ಸಂದು ಬಿದ್ದರೆ ಇನ್ಸುಲೇಷನ್ ತೆಗೆದದ್ದಕ್ಕೆ ಅರ್ಥವೇ ಇಲ್ಲ, ಕೆಟ್ಟ ಜಾಗವನ್ನು ಬಳಸಿ ಪಕ್ಕದ ಸುತ್ತಿಗೆ ಹೋಗಲು ಕರೆಂಟಿಗೆ ದಾರಿಯೇ ಇರುವುದಿಲ್ಲ. ಸಾಲದ್ದಕ್ಕೆ ಫಾರ್ಮರ್, ಅಂದರೆ ಟೇಪು ಸುತ್ತುವ ನಡುವಿನ ಅಚ್ಚು, ಅಲ್ಯೂಮಿನಿಯಂನದು. ಅದು ಟೇಪಿಗಿಂತ ಹೆಚ್ಚು ಕುಗ್ಗಿ ಒಳ ಸುತ್ತುಗಳಿಂದ ದೂರ ಸರಿಯಿತು.

ಮೂರನೆಯದರಲ್ಲಿ ಮೂರು ಬದಲಾವಣೆ. ಫಾರ್ಮರ್ ಸ್ಟೇನ್‌ಲೆಸ್ ಸ್ಟೀಲಿನದಾಯಿತು. ಅದರ ನೇರ ಮಗ್ಗುಲುಗಳಿಗೆ ಹೊರಕ್ಕೆ ತುಸು ಉಬ್ಬು ಕೊಟ್ಟೆ, ಬಿಗಿ ಅಲ್ಲೂ ಒಳಕ್ಕೆ ಒತ್ತುತ್ತದೆ. ಉಬ್ಬು ಎಷ್ಟು, ಸುತ್ತುತ್ತಾ ಹೋದಂತೆ ಬಿಗಿಯನ್ನು ಹೇಗೆ ಇಳಿಸಬೇಕು ಎಂಬುದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಎರಡು ತಿಂಗಳು ತಿಂದದ್ದು ಅವೆರಡೇ. ಹತ್ತು ಸುತ್ತಿಗೊಮ್ಮೆ ಟೆಫ್ಲಾನ್ ಅಚ್ಚಿನಿಂದ ನೇರ ಭಾಗವನ್ನು ಒತ್ತಿ, ಕೊನೆಗೆ ಎರಡೂ ಕಡೆ 8 ಮಿಮೀ ಪ್ಲೇಟ್ ಇಟ್ಟು ಬೋಲ್ಟುಗಳನ್ನು ನಡುವಿನಿಂದ ತುದಿಯ ಕಡೆಗೆ ಬಿಗಿದೆ.

ಮೂರನೆಯ ಬದಲಾವಣೆ ಪ್ಯಾರಾಫಿನ್ ಮೇಣ. ಎಳೆತ ಬಂದರೆ ಮೇಣ ತಾನೇ ಬಿರಿಯುತ್ತದೆ, ಟೇಪನ್ನು ಸುಲಿಯುವಷ್ಟು ಶಕ್ತಿ ಅದಕ್ಕಿಲ್ಲ. ಸುತ್ತುವಾಗ ಹಚ್ಚಬಾರದು, ಸುತ್ತುಗಳ ನಡುವೆ ಹೊಕ್ಕು ತಾಮ್ರಕ್ಕೆ ತಾಮ್ರ ತಾಗದಂತೆ ಮಾಡುತ್ತದೆ. ಒಣ ಸುರುಳಿಯನ್ನು ಪ್ಲೇಟ್ ಸಮೇತ 80 ಡಿಗ್ರಿಯ ಮೇಣದಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವ ತನಕ ವ್ಯಾಕ್ಯೂಮ್ ಎಳೆದು, ತಳದಿಂದ ಮೇಲಕ್ಕೆ ನಾಲ್ಕು ಗಂಟೆ ಆರಿಸಿದೆ. ಮೇಣ ಗಟ್ಟಿಯಾಗುವಾಗ ಚೆನ್ನಾಗಿ ಕುಗ್ಗುವುದರಿಂದ ಮೇಲಿನಿಂದ ತುಂಬುತ್ತಲೇ ಇರಬೇಕು. ಇದರ ದೊಡ್ಡ ಲಾಭವೆಂದರೆ, ಬೇಡವಾದರೆ ಕರಗಿಸಿ ಟೇಪನ್ನು ಬಿಚ್ಚಿಕೊಳ್ಳಬಹುದು. ಒಣದಾಗಿ ಸುತ್ತಿದ್ದ ಎರಡನೆಯ ಸುರುಳಿಯನ್ನೂ ಹಾಗೇ ಬಿಚ್ಚಬಹುದಿತ್ತು, ಅದರ ಟೇಪೇ ಈ ಮೂರನೆಯದಕ್ಕೆ ಬಂತು.

ಅತಿವಾಹಕ ಮಗ್ಗುಲು ಯಾವುದೆಂದು ಸುತ್ತುವ ಮೊದಲೇ ಎರಡೂ ತುದಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಆ ಮಗ್ಗುಲು ಒಳಮುಖವಾಗಿ ಸುತ್ತಿಕೊಂಡರೆ ಬಾಗಿದಲ್ಲಿ ಒತ್ತಡ ಬೀಳುತ್ತದೆ, ಎಳೆತ ಬೀಳುವುದಿಲ್ಲ. ಆಗ ಟರ್ಮಿನಲ್ ತಾಮ್ರವೂ ಟೇಪಿನ ಒಳಮಗ್ಗುಲಿಗೇ ಕೂರಬೇಕು. ಹ್ಯಾಸ್ಟೆಲಾಯ್ ಬದಿಗೆ ಬೆಸೆದರೆ ಕರೆಂಟು ಅಂಚಿನ ತಾಮ್ರವನ್ನು ಸುತ್ತಿ ಬರಬೇಕಾಗಿ ಬೆಸುಗೆ ಬಿಸಿಯಾಗುತ್ತದೆ. ಒಮ್ಮೆ ಸಾಮಾನ್ಯ ಸೀಸದ ಬೆಸುಗೆಯನ್ನು 300 ಡಿಗ್ರಿ ಐರನ್‌ನಿಂದ ಮಾಡಿ ಹೊರ ಸುತ್ತು ಪೂರ್ತಿ ಹಾಳಾಯಿತು. ಈಗ 118 ಡಿಗ್ರಿಗೆ ಕರಗುವ ಇಂಡಿಯಂ–ತವರ, ಬಿಸಿ ಮಾಡುವ ಪ್ಲೇಟ್ 140 ದಾಟುವುದಿಲ್ಲ, 10 ಸೆಂಮೀ ಉದ್ದ. 100 ನ್ಯಾನೋಓಮ್ ಆಸುಪಾಸು ಬರುತ್ತದೆ, ಸಾಕು.

ತಂಪು ಮಾಡುವಾಗ ಮೊದಲ ಒಂದು ಗಂಟೆ ಆವಿಯಲ್ಲಿ ತೂಗುಹಾಕಿ, ಆಮೇಲೆ ದ್ರವಕ್ಕೆ ಇಳಿಸುತ್ತೇನೆ. ಕರೆಂಟನ್ನು ಸೆಕೆಂಡಿಗೆ 0.2 ಆಂಪಿಯರ್‌ನಂತೆ ಏರಿಸುತ್ತೇನೆ. ಇಂಡಕ್ಟನ್ಸ್ ಸುಮಾರು 4 ಮಿಲಿಹೆನ್ರಿ, ಟೈಮ್ ಕಾನ್‌ಸ್ಟಂಟ್ (ಕರೆಂಟು ಕಡಿದ ಮೇಲೆ ಕಾಂತಕ್ಷೇತ್ರ ಮೂರನೇ ಒಂದರ ಆಸುಪಾಸಿಗೆ ಇಳಿಯಲು ಹಿಡಿಯುವ ಹೊತ್ತು) 11 ಸೆಕೆಂಡ್. ಸಂದು ಬಿದ್ದ ಎರಡನೆಯ ಸುರುಳಿಯಲ್ಲಿ ಅದು 5 ಕೂಡ ಇರಲಿಲ್ಲ, ಒತ್ತಡ ಕೂತಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಕಾಣೆ. ಪ್ರತಿ ಹಂತದಲ್ಲೂ ಒಂದು ನಿಮಿಷ ಕಾಯದೆ ವೋಲ್ಟೇಜ್ ಓದಬಾರದು. ಅತಿವಾಹಕ ಮಿತಿ ಮುಟ್ಟಿತೆನ್ನುವ ಅಳತೆಯನ್ನು ಇಡೀ ಸುರುಳಿಗೆ ಸೆಂಮೀಗೆ 1 ಮೈಕ್ರೋವೋಲ್ಟ್ ಎಂದು ಹಿಡಿದರೆ 7.5 ಮಿಲಿವೋಲ್ಟ್ ಆಗುತ್ತದೆ, ಅಷ್ಟರೊಳಗೆ ಒಂದು ಕೆಟ್ಟ ತುಣುಕು ಸುಟ್ಟೇ ಹೋಗಬಹುದು. ನಾನು ಅದರ ಹತ್ತನೇ ಒಂದಕ್ಕೇ ನಿಲ್ಲಿಸುತ್ತೇನೆ. ನಡುವಿನಲ್ಲಿಟ್ಟ, ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್ 62 ಆಂಪಿಯರಿಗೆ 90 ಮಿಲಿಟೆಸ್ಲಾದಷ್ಟು ತೋರಿಸಬೇಕು. ಕಡಿಮೆ ತೋರಿಸಿದರೆ ಕರೆಂಟು ಸುತ್ತು ಬಿಟ್ಟು ಅಡ್ಡದಾರಿ ಹಿಡಿದಿದೆ.

ನಡುವೆ ಟೇಪಿನ ಜೊತೆ ತೆಳು ಸ್ಟೀಲ್ ಪಟ್ಟಿ ಸೇರಿಸಿ ಒಂದು ಸಣ್ಣ ಸುರುಳಿ ಸುತ್ತಿ ನೋಡಿದೆ. ಟೈಮ್ ಕಾನ್‌ಸ್ಟಂಟ್ ಒಂದು ಸೆಕೆಂಡಿಗಿಂತ ಕೆಳಗೆ ಇಳಿಯಿತು, ಆದರೆ ಅಷ್ಟೇ ದಪ್ಪದಲ್ಲಿ ಸುತ್ತುಗಳು ಕಮ್ಮಿಯಾದವು. ಬೇಗ ಕರೆಂಟು ತುಂಬುವ ಆ ಅವಸರ ರೈಲಿಗೆ ಬೇಕಿಲ್ಲ. 2015ರ ಏಪ್ರಿಲ್ 21ರಂದು ಗಂಟೆಗೆ 603 ಕಿಮೀ ಓಡಿದ ಜಪಾನಿನ ತೇಲುವ ರೈಲಿನಲ್ಲಿ ನಿಯೋಬಿಯಂ–ಟೈಟಾನಿಯಂ ಅತಿವಾಹಕ ಸುರುಳಿಗಳು ಒಮ್ಮೆ ತುಂಬಿದ ಕರೆಂಟಿನಲ್ಲೇ ಇರುತ್ತವೆ. ಅಲ್ಲಿ ಕಾಡುವುದು ನೆಲದ ಸುರುಳಿಗಳಿಂದ ಬರುವ ಏರಿಳಿತ. ಇನ್ಸುಲೇಷನ್ ಇಲ್ಲದ ಸುರುಳಿಯೊಳಗೆ ಅದು ಸುತ್ತಿಂದ ಸುತ್ತಿಗೆ ಕರೆಂಟು ಹರಿಸಿ ಬಿಸಿ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಈ ವಿಧಾನ ಬೇಡವೆನ್ನುವುದೂ ಇದೇ ಕಾರಣಕ್ಕೆ.

ಹೊರ ತೆಗೆದ ಸುರುಳಿಯನ್ನು ಒಣ ಸಾರಜನಕದ ಚೀಲದಲ್ಲೇ ಬೆಚ್ಚಗಾಗಲು ಬಿಡಿ. ಗಾಳಿಯ ತೇವ ಸುತ್ತುಗಳ ಸಂದಿನಲ್ಲಿ ಕೂತರೆ ಮುಂದಿನ ಸಲ ಮಂಜುಗಡ್ಡೆಯಾಗಿ, ಎಪಾಕ್ಸಿ ಮಾಡಿದ ಕೆಲಸವನ್ನೇ ಮಾಡುತ್ತದೆ.